ಮಳೆ ಬೀಳುವ ತನಕ ಅಭಯ

ಹಳೆಯ ಚಿನ್ನದ ಗಣಿಗಳು, ಮೂರನೆಯ ಹಂತ
ಇಸವಿ ೨೨೦೯, ಮೇ ತಿಂಗಳ ನಲವತ್ತನೆಯ ದಿನ

ಪೂರ್ವಿಕರೇ,

ಮೇಲೆ ಬರೆದ ದಿನ ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ನಿಮ್ಮ ಮೇ ತಿಂಗಳು ಮೂವತ್ತೊಂದಕ್ಕೆ ತೀರುತ್ತಿತ್ತು. ಮಳೆ ಬಂದಿರಲಿ, ಬಾರದಿರಲಿ, ಮರುದಿನವನ್ನು ನೀವು ಜೂನ್ ಎಂದೇ ಕರೆಯುತ್ತಿದ್ದಿರಿ. ನಮ್ಮಲ್ಲಿ ಮೊದಲ ಮಳೆ ನೆಲ ಮುಟ್ಟುವ ತನಕ ಮೇ ಮುಗಿಯುವುದಿಲ್ಲ. ಕೆಲವು ವರ್ಷ ಅದು ಅರವತ್ತರ ಗಡಿಯನ್ನೂ ದಾಟಿದ್ದುಂಟು. ನಿಮ್ಮ ಕಾಲದ ಕನ್ನಡವನ್ನು ನಾನು ಸಂಗ್ರಹಾಲಯದ ಧ್ವನಿಮುದ್ರಣಗಳಿಂದ ಕಲಿತವನು. ನನ್ನ ಮಾತು ಎಲ್ಲಿಯಾದರೂ ನಿಮ್ಮ ಕಿವಿಗೆ ಒರಟಾಗಿ ಅಥವಾ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು.

ಈ ಬಗೆಯ ಬರಹಕ್ಕೆ ನಾವು ಹಿನ್ನೋಲೆ ಎನ್ನುತ್ತೇವೆ. ಮನೆಯಲ್ಲಿ ಸಾವಾದರೆ, ವರ್ಷಾಂತಿಕದ ಹಿಂದಿನ ದಿನ ಹತ್ತಿರದವರೊಬ್ಬರು ಕಳೆದುಹೋದ ಕಾಲದವರಿಗೆ ಒಂದು ಓಲೆ ಬರೆದು ಬಂಡೆಯ ಬಿರುಕಿನಲ್ಲಿ ಇಡಬೇಕು. ಅದು ನಿಮ್ಮನ್ನು ತಲುಪುತ್ತದೆಂದು ಇಲ್ಲಿ ಯಾರೂ ಎದೆ ತಟ್ಟಿ ಹೇಳಲಾರರು. ನೀವು ಬಿಟ್ಟ ಎಳ್ಳುನೀರು ಯಾರನ್ನು ತಲುಪಿತೆಂದು ನೀವಾದರೂ ಹೇಳಬಲ್ಲಿರೇ? ಹಿನ್ನೋಲೆಗೆ ಇರುವುದು ಒಂದೇ ನಿಯಮ. ಬರೆಯುವವನು ತನಗೆ ನಿಜವಾಗಿಯೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಕೇಳಲೇಬೇಕು. ದುಃಖದಲ್ಲಿರುವವನು ಎಲ್ಲವೂ ತನಗೆ ಗೊತ್ತಿದೆ ಎಂದುಕೊಳ್ಳುತ್ತಾನೆ, ಆ ಗರ್ವ ಇಳಿಯಲೆಂದು ಹಿರಿಯರು ಹೀಗೆ ವಿಧಿಸಿದರಂತೆ. ನನಗಿದು ಸುಲಭದ ನಿಯಮವಲ್ಲ. ಕಾಲೇಜಿನಲ್ಲಿ ನಾನು ಚರ್ಚಾಪಟುವಾಗಿದ್ದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ವೇದಿಕೆಯ ಮೇಲೆ ಎತ್ತಬಾರದೆಂಬುದು ಅಲ್ಲಿ ಕಲಿಸಿದ ಮೊದಲ ಪಾಠ.

ನನ್ನ ಹೆಸರು ಬೇತಮಂಗಲದ ಮುನಿನಾರಾಯಣ. ತೀರಿಕೊಂಡವಳು ನನ್ನ ಮಗಳು ಋಜುತಾ. ನಾಲ್ಕನೆಯ ತರಗತಿಯಲ್ಲಿದ್ದಳು.

ಇಳಿಗಾಲವೆಂದರೇನೆಂದು ಮೊದಲು ತಿಳಿಸಬೇಕು. ಯುಗಾದಿಯ ಬೇವು-ಬೆಲ್ಲ ಮುಗಿದ ವಾರದಲ್ಲಿ ನಾವು ಊರಿಗೆ ಊರೇ ನೆಲದಡಿಗೆ ಇಳಿಯುತ್ತೇವೆ. ಚಿನ್ನಕ್ಕಾಗಿ ಒಂದು ಕಾಲದವರು ಕೊರೆದು ಬಿಟ್ಟುಹೋದ ಸುರಂಗಗಳೇ ನಮ್ಮ ಬೇಸಗೆಯ ಬೀದಿಗಳು. ಮೇಲಿನ ಬಿಸಿಲು ಮಧ್ಯಾಹ್ನದ ಹೊತ್ತಿಗೆ ಹಾರುವ ಕಾಗೆಯನ್ನೂ ಕೆಡವುತ್ತದೆ. ಕೆಳಗೆ ಬದುಕು ತಕ್ಕಮಟ್ಟಿಗೆ ಸುಖವೇ. ಮೊದಲ ಹಂತದಲ್ಲಿ ಎಮ್ಮೆ ಕಟ್ಟುವವರು, ರಾಗಿ ಬೀಸುವವರು ಇರುತ್ತಾರೆ. ಎರಡನೆಯದರಲ್ಲಿ ಆಸ್ಪತ್ರೆ ಮತ್ತು ಮೇಲ್ಶಾಲೆ. ಮೂರನೆಯದರಲ್ಲಿ ನಮ್ಮಂಥವರ ಮನೆಗಳು, ಅವುಗಳ ತುದಿಗೆ ಕೆಳಶಾಲೆ. ಹಂತದಿಂದ ಹಂತಕ್ಕೆ ಕಬ್ಬಿಣದ ಪಂಜರವೊಂದು ಓಡಾಡುತ್ತದೆ. ಬೆಳಿಗ್ಗೆ ಹಾಲಿನ ಕ್ಯಾನು, ಮಕ್ಕಳ ಚೀಲ, ಬಸ್ಸಾರಿನ ಪಾತ್ರೆ, ಜಗಳವಾಡುವ ಬೀಗರು ಎಲ್ಲವೂ ಅದರಲ್ಲಿ ಒಟ್ಟಿಗೇ ಇಳಿಯುವುದನ್ನು ನೋಡಬೇಕು. ಹಪ್ಪಳ ಒಣಗಿಸಲು ಮಾತ್ರ ಇನ್ನೂ ಮೇಲಕ್ಕೇ ಹೋಗಬೇಕು. ಹರಡಿ ಬೆನ್ನು ತಿರುಗಿಸುವಷ್ಟರಲ್ಲಿ ಒಣಗಿರುತ್ತವೆ.

ಕೆಳಗೆ ಕೊರತೆಯಾಗುವುದು ಗಾಳಿ. ಅದನ್ನು ಅಳೆಯುವ ಯಂತ್ರಗಳಿವೆ, ಆದರೆ ಸುರಂಗದ ತೇವಕ್ಕೆ ಅವು ಬೇಗ ಮಂಕಾಗುತ್ತವೆ. ಆದ್ದರಿಂದ ಪ್ರತಿಯೊಂದು ತರಗತಿಯಲ್ಲಿ ಶಿಕ್ಷಕರು ಬೆಳಿಗ್ಗೆ ಹೊಂಗೆ ಎಣ್ಣೆಯ ಒಂದು ದೀಪ ಹಚ್ಚಿಡಬೇಕೆಂಬುದು ನಮ್ಮ ಕಟ್ಟಳೆ. ಬತ್ತಿ ಎರಡೆಳೆಯದಾಗಿರಬೇಕು, ಸಣ್ಣಗಿರಬೇಕು. ಗಾಳಿ ಕೆಟ್ಟರೆ ಜ್ವಾಲೆ ಕುಗ್ಗುತ್ತದೆ. ಆಗ ಶಿಕ್ಷಕರು ಬಾಗಿಲಿಗೆ ಬಂದು “ದೀಪ ಕುಗ್ಗಿದೆ” ಎಂದು ಗಟ್ಟಿಯಾಗಿ ಸಾರಿ, ಮಕ್ಕಳನ್ನು ಪಂಜರ ಹತ್ತಿಸಬೇಕು. ಆ ಮಾತು ಹೊರಬಿದ್ದರೆ ಹಂತದಲ್ಲಿರುವವರೆಲ್ಲ ಕೈಕೆಲಸ ಬಿಟ್ಟು ಗಾಳಿಕೊಳವೆಗಳನ್ನು ತೊಳೆಯಬೇಕು. ಒಲೆಯ ಮೇಲಿನ ಮುದ್ದೆ ಅಲ್ಲೇ ತಣ್ಣಗಾಗುತ್ತದೆ. ಹೀಗಾಗಿ ಆ ಮಾತು ಆಡುವ ಶಿಕ್ಷಕರನ್ನು ಯಾರೂ ಹರಸುವುದಿಲ್ಲ.

ನಮ್ಮಲ್ಲಿ ಶಿಕ್ಷಕರು ಎರಡು ಬಗೆ. ನೆಲೆಗುರುವನ್ನು ತೆಗೆಯಬೇಕಾದರೆ ಆರೋಪವೇನೆಂದು ಹೇಳಬೇಕು, ಎದುರಿಗೆ ಕೂರಿಸಿ ವಿಚಾರಿಸಬೇಕು, ಕಾರಣ ಕೊಟ್ಟು ತೀರ್ಪು ನೀಡಬೇಕು. ಋತುಗುರುವಿಗೆ ಇದಾವುದೂ ಬೇಕಿಲ್ಲ. ಇಳಿಗಾಲ ಮುಗಿದ ದಿನ ಅವರ ಕೆಲಸ ತಾನಾಗಿ ಮುಗಿಯುತ್ತದೆ. ಮುಂದಿನ ವರ್ಷಕ್ಕೆ ಕರೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೇಲ್ಶಾಲೆಯಲ್ಲಿ ನೆಲೆಗುರುಗಳು ಉಳಿದಿದ್ದಾರೆ. ಕೆಳಶಾಲೆಯನ್ನು ಕೆಲವು ವರ್ಷಗಳ ಹಿಂದೆ ಪೂರ್ತಿಯಾಗಿ ಋತುಗುರುಗಳಿಗೆ ವಹಿಸಲಾಯಿತು. ಹಾಗೆ ಮಾಡಿಸಿದ್ದು ಸುದ್ದಿಗೋಡೆ. ಪ್ರತಿ ಹಂತದಲ್ಲಿ ಪಂಜರದ ಬಾಯಿಯ ಎದುರು ಒಂದು ಗೋಡೆಯಿದೆ. ದಿನವಿಡೀ ಅದರ ಮೇಲೆ ಸುದ್ದಿ ಚಲಿಸುತ್ತಿರುತ್ತದೆ. ಪಂಜರಕ್ಕೆ ಕಾಯುವವರು ಬೇರೇನು ನೋಡಿಯಾರು?

ನಿಮ್ಮ ಸುದ್ದಿಯನ್ನೂ ನಾನು ನೋಡಿದ್ದೇನೆ. ಈ ವರ್ಷ ನಿದ್ದೆ ಬಾರದ ಮಧ್ಯಾಹ್ನಗಳನ್ನು ಸಂಗ್ರಹಾಲಯದಲ್ಲಿ ಕಳೆದೆ. ಒಂದು ತುಣುಕಿನಲ್ಲಿ ಮೇಷ್ಟರೊಬ್ಬರು ಕುರ್ಚಿಯಲ್ಲಿ ತೂಕಡಿಸುತ್ತಾರೆ. ಅವರ ತಲೆ ವಾಲುತ್ತದೆ, ಮತ್ತೆ ಅದೇ ತಲೆ ವಾಲುತ್ತದೆ, ಕೆಂಪು ಬಾಣವೊಂದು ತಲೆಯನ್ನು ತೋರಿಸುತ್ತದೆ, ಹಿನ್ನೆಲೆಯಲ್ಲಿ ನಗಾರಿ ಬಡಿಯುತ್ತದೆ. ನನಗೆ ಕುತೂಹಲವಾಯಿತು. ಅವರು ಹಿಂದಿನ ದಿನ ಎಲ್ಲಿದ್ದರು? ನಿಮ್ಮ ಶಿಕ್ಷಕರು ಜನಗಣತಿಗೆ ಮನೆ ಮನೆ ಅಲೆದರು, ಚುನಾವಣೆಯ ಪೆಟ್ಟಿಗೆ ಕಾಯ್ದರು, ಮಕ್ಕಳಿಗೆ ಮೊಟ್ಟೆ ಬೇಯಿಸಿ ಹಂಚಿದರು ಎಂದು ಬೇರೆ ಕಡೆ ಓದಿದೆ. ಆ ತುಣುಕು ತೆಗೆದವನು ಇದನ್ನು ಕೇಳಿದನೇ? ಒಂದು ವೇಳೆ ಕೇಳಿ, ಅವರು ಬರಿಯ ಸೋಮಾರಿಯೆಂದೇ ತಿಳಿದುಬಂದಿದ್ದರೆ, ವಿಚಾರಿಸಿ ತೆಗೆಯಲು ನಿಮ್ಮಲ್ಲಿ ದಾರಿಯಿತ್ತಲ್ಲ? ಆ ದಾರಿ ಹಿಡಿಯುವ ಬದಲು ಎಲ್ಲರ ಕುರ್ಚಿಯನ್ನೂ ಕಿತ್ತುಕೊಳ್ಳಬೇಕೆಂದು ಏಕೆ ಕೂಗಿದಿರಿ? ಇನ್ನೊಂದು ಸಂಗತಿ ನನಗೆ ಇಂದಿಗೂ ಒಗಟು. ನಿಮ್ಮ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರೆಂಬವರು ಇದ್ದರು. ವರ್ಷಗಟ್ಟಲೆ ಅದೇ ಕೋಣೆಯಲ್ಲಿ ಪಾಠ ಹೇಳಿದವರು ಅತಿಥಿಗಳಾದದ್ದು ಹೇಗೆ? ನಮ್ಮಲ್ಲಿ ಅತಿಥಿ ಬಂದರೆ ಕಾಲಿಗೆ ನೀರು ಕೊಟ್ಟು ಕೂರಿಸುತ್ತೇವೆ.

ಇವೆಲ್ಲ ನನ್ನ ಸಣ್ಣ ಪ್ರಶ್ನೆಗಳು. ನಿಯಮದ ಪ್ರಶ್ನೆ ಮುಂದಿದೆ.

ಕಳೆದ ವರ್ಷ ಮೇ ನಲವತ್ತೊಂದರ ಬೆಳಿಗ್ಗೆ ಮೇಲ್ಶಾಲೆಯ ನೆಲೆಗುರು ಲೂರ್ದಮೇರಿ ಟೀಚರ್ ಬಾಗಿಲಿಗೆ ಬಂದು ದೀಪ ಕುಗ್ಗಿದೆಯೆಂದು ಸಾರಿದರು. ಜನ ನಂಬಲಿಲ್ಲ. ಯಾರೋ ಮೂರನೆಯ ಹಂತಕ್ಕೆ ಇಳಿದು ಕೆಳಶಾಲೆಯ ದೀಪ ನೋಡಿ ಬಂದರು. ಇನ್ನೂ ಆಳದಲ್ಲಿರುವ ದೀಪ ಢಾಳಾಗಿ ಉರಿಯುತ್ತಿದೆ, ಮೇಲಿನದು ಹೇಗೆ ಕುಗ್ಗೀತು, ಮುದುಕಿಗೆ ರಜೆ ಬೇಕಾಗಿದೆ ಎಂದು ನಕ್ಕರು. ಟೀಚರ್ ಯಾರ ಮಾತಿಗೂ ನಿಲ್ಲದೆ ತಮ್ಮ ಮಕ್ಕಳನ್ನು ಪಂಜರ ಹತ್ತಿಸಿದರು. ಸುದ್ದಿಗೋಡೆ ಅದನ್ನು ಹಾಸ್ಯಮಾಡಿ ತೋರಿಸುತ್ತಿದ್ದ ಹೊತ್ತಿಗೆ ಕೆಳಶಾಲೆಯಲ್ಲಿ ಮಕ್ಕಳಿಗೆ ತಲೆನೋವು ಶುರುವಾಗಿತ್ತು. ಋಜುತಾಗೆ ಹುಟ್ಟಿನಿಂದ ಉಬ್ಬಸ. ಅವಳು ಮೇಜಿನ ಮೇಲೆ ತಲೆಯಿಟ್ಟಳು. ಪಕ್ಕದ ಹುಡುಗಿ ನಿದ್ದೆ ಬಂದಿರಬೇಕೆಂದು ತನ್ನ ದುಪ್ಪಟ್ಟಾ ಮಡಿಸಿ ಅವಳ ಕೆನ್ನೆಯ ಕೆಳಗೆ ಇಟ್ಟಳಂತೆ. ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ.

ಆಮೇಲೆ ಸುದ್ದಿಗೋಡೆಗೆ ಹಬ್ಬ. ಅವಳ ಶಿಕ್ಷಕಿ ಬಿಂದುಮತಿ, ಇನ್ನೂ ಮೂವತ್ತು ತುಂಬದವಳು, ಅಳುವುದನ್ನು ತಿಂಗಳುಗಟ್ಟಲೆ ತೋರಿಸಿದರು. ಬರಬರುತ್ತಾ ಒಬ್ಬಳ ಮೇಲಿನ ಮಾತು ಎಲ್ಲರ ಮೇಲಿನ ಮಾತಾಯಿತು. ಶಿಕ್ಷಕರೆಲ್ಲ ಒಂದೇ, ಉಳಿದ ನೆಲೆಗುರುಗಳ ನೆಲೆಯನ್ನೂ ತೆಗೆಯಿರಿ ಎಂದು ಕೂಗೆದ್ದಿತು. ನಮ್ಮಲ್ಲಿ ಮಗು ಕಳೆದುಕೊಂಡವರ ಮಾತನ್ನು ಸಭೆ ಮೊದಲು ಕೇಳುತ್ತದೆ. ಹೀಗಾಗಿ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಏನು ಹೇಳುವೆನೆಂಬ ವಿಷಯದಲ್ಲಿ ಯಾರಿಗೂ ಸಂದೇಹವಿರಲಿಲ್ಲ, ನನಗೂ ಇರಲಿಲ್ಲ.

ಹೀಗಿರುವಾಗ ಒಂದು ಸಂಜೆ ಬಿಂದುಮತಿ ತಾನಾಗಿ ಮನೆಗೆ ಬಂದಳು. ಒಳಗೆ ಕರೆಯಲಿಲ್ಲ. ಅವಳು ಹೊಸ್ತಿಲಾಚೆಯೇ ನಿಂತು ಹೇಳಿದಳು.

“ಬತ್ತಿ ದಪ್ಪ ಮಾಡಿದ್ದು ನಾನೇ ಸಾರ್. ಆರೇಳು ಎಳೆ ಹಾಕಿ ಹೊಸೆದಿದ್ದೆ. ದಪ್ಪ ಬತ್ತಿ ಬೇಗ ಕುಗ್ಗಲ್ಲ.”

ಏಕೆಂದು ಕೇಳಿದೆ.

“ನಮಗಿಂತ ಮುಂಚೆ ನಾಗವೇಣಿ ಅಕ್ಕ ಅಂತಿದ್ರು. ಒಂದೇ ವಾರದಲ್ಲಿ ಎರಡು ಸಲ ದೀಪ ಕುಗ್ಗಿದೆ ಅಂದ್ರು. ಗೋಡೆ ಮೇಲೆ ಬಂದ್ರು. ಈಗ ಅವರೆಲ್ಲಿದಾರೆ ಗೊತ್ತಾ ಸಾರ್?”

ಗೊತ್ತಿಲ್ಲವೆಂದೆ.

“ನಮಗೂ ಗೊತ್ತಿಲ್ಲ” ಎಂದು ಹೇಳಿ ಹೊರಟುಹೋದಳು.

ಆಕೆಯನ್ನು ನಾನು ಕ್ಷಮಿಸಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಮುಂದಿನದನ್ನು ಓದಿ ನೀವು ನನ್ನನ್ನು ದೊಡ್ಡ ಮನಸ್ಸಿನವನೆಂದು ತಿಳಿಯಬಾರದು. ಆಕೆಯ ವಿಚಾರಣೆ ನ್ಯಾಯಪೀಠದಲ್ಲಿ ನಡೆದಿದೆ, ನಡೆಯಲಿ. ಆದರೆ ಆಕೆ ಹೇಳಿದ ಮಾತು ನನ್ನೊಳಗಿನ ಹಳೆಯ ಚರ್ಚಾಪಟುವನ್ನು ಎಬ್ಬಿಸಿತು. ಎದುರಾಳಿಯ ವಾದವನ್ನು ಅವನೇ ತಲೆದೂಗುವಷ್ಟು ಚೆನ್ನಾಗಿ ಹೇಳಲು ಬಾರದವನಿಗೆ ಉತ್ತರಿಸುವ ಹಕ್ಕಿಲ್ಲ ಎನ್ನುತ್ತಿದ್ದರು ನಮ್ಮ ಗುರುಗಳು. ಶಿಕ್ಷಕರು ನನಗೆ ಎದುರಾಳಿಗಳಾಗಿದ್ದರು. ಅವರ ವಾದವೇನೆಂದೇ ನನಗೆ ಗೊತ್ತಿರಲಿಲ್ಲ.

ಲೂರ್ದಮೇರಿ ಟೀಚರನ್ನು ನೋಡಲು ಮೇಲ್ಶಾಲೆಗೆ ಹೋದೆ. ಮಧ್ಯಾಹ್ನದ ಊಟದ ಬಿಡುವು. ಟೀಚರ್ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ಅವರು ಶಾಲೆಯಲ್ಲಿ ಮಲಗುತ್ತಾರೆಂದು ಸುದ್ದಿಗೋಡೆ ತೋರಿಸಿದ್ದು ಸುಳ್ಳಲ್ಲ. ನಾನು ಕಣ್ಣಾರೆ ಕಂಡೆ. ಮಕ್ಕಳು ಮುಸಿಮುಸಿ ನಕ್ಕರು. ಎಚ್ಚರವಾದ ಮೇಲೆ, ಬಂದವನು ಯಾರೆಂದು ತಿಳಿದು ಎದ್ದು ನಿಂತರು. ನಾನು ಮುಚ್ಚುಮರೆಯಿಲ್ಲದೆ ನಿದ್ದೆಯ ವಿಷಯವನ್ನೇ ಎತ್ತಿದೆ.

“ಹೌದಪ್ಪಾ, ಮಲಗ್ತೀನಿ. ವಯಸ್ಸಾಯ್ತು” ಎಂದರು. “ನಾನು ಮಲಗಿದ್ದು ಎಲ್ಲರಿಗೂ ತೋರಿಸಿದ್ರು. ಎದ್ದಿದ್ದು ಮಾತ್ರ ಯಾರಿಗೂ ಬೇಡವಾಯ್ತು.”

ದೀಪ ಹತ್ತಿರ ತಂದು ತೋರಿಸಿದರು. ಎರಡೆಳೆ, ಸಣ್ಣ ಬತ್ತಿ, ಹೆಸರುಕಾಳಿನಷ್ಟು ಜ್ವಾಲೆ. ನಿಮಗೆ ಭಯವಾಗುವುದಿಲ್ಲವೇ ಎಂದು ಕೇಳಿದೆ.

“ಆಗದೇನು? ಬೈತಾರೆ, ಗೋಡೆ ಮೇಲೆ ಹಾಕ್ತಾರೆ, ಮೀನು ತರೋಕೆ ಹೋದ್ರೆ ಅಲ್ಲೂ ಆಡಿಕೊಳ್ತಾರೆ. ಆದ್ರೆ ನನ್ನ ತೆಗೀಬೇಕು ಅಂದ್ರೆ ಎದುರಿಗೆ ಕೂರಿಸಿ ಯಾಕೆ ಅಂತ ಹೇಳಬೇಕಲ್ಲಪ್ಪಾ? ದೀಪ ಕುಗ್ಗಿದೆ ಅಂದಿದ್ದಕ್ಕೆ ಅಂತ ಯಾವ ಬಾಯಲ್ಲಿ ಹೇಳ್ತಾರೆ?”

ನಾನು ಹಲವು ಗ್ರಂಥಗಳಲ್ಲಿ ಹುಡುಕಿದ ಸೇವಾಭದ್ರತೆಯ ಅರ್ಥ ಇಷ್ಟೇ ಆಗಿತ್ತು.

ಕಳೆದ ವಾರ ಸಭೆ ಸೇರಿತು. ಎರಡನೆಯ ಹಂತದ ದೊಡ್ಡ ಗುಹೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಜಮಾನಿ ಚೌಡಮ್ಮನವರು ಮೊದಲ ಮಾತಿಗೆ ನನ್ನನ್ನು ಕರೆದರು. ನಾನು ಎದುರಾಳಿಯ ವಾದದಿಂದ ಆರಂಭಿಸಿದೆ. ನೆಲೆಯಿದ್ದವರಲ್ಲಿ ಮೈಗಳ್ಳರಿದ್ದಾರೆ. ವಿಚಾರಣೆ ಎಳೆದಾಡುತ್ತಿರುವಾಗ ಮಗುವಿನ ಒಂದು ವರ್ಷ ಹಾಳಾಗುತ್ತದೆ, ಆ ವರ್ಷವನ್ನು ಯಾರೂ ಮರಳಿಸುವುದಿಲ್ಲ. ನಮ್ಮ ಕೆಲಸಕ್ಕೆ ಇಲ್ಲದ ಭದ್ರತೆ ಅವರಿಗೇಕೆ ಎಂದು ಗಾಡಿ ಎಳೆಯುವವನು ಕೇಳಿದರೆ ಅದು ಅಸೂಯೆಯಲ್ಲ, ನ್ಯಾಯವಾದ ಪ್ರಶ್ನೆ. ಸುದ್ದಿಗೋಡೆಯ ಮುಖ್ಯಸ್ಥ ಹರಿಕಾಂತ ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗಿದ. ಅವನು ತಲೆದೂಗುವ ತನಕ ನಾನು ಕಾದೆ.

ಆಮೇಲೆ ಚೌಡಮ್ಮನವರ ಕಡೆ ತಿರುಗಿ ಒಂದನ್ನು ಬೇಡಿದೆ. ಕೆಳಶಾಲೆಯ ಶಿಕ್ಷಕರೆಲ್ಲ ತಮ್ಮ ತರಗತಿಯ ದೀಪವನ್ನು ಇದ್ದ ಹಾಗೆಯೇ ಇಲ್ಲಿಗೆ ತರಲಿ. ಆ ದೀಪ ಏನು ತೋರಿಸಿದರೂ ಅದಕ್ಕಾಗಿ ಈ ಒಂದು ದಿನ ಯಾರನ್ನೂ ತೆಗೆಯುವುದಿಲ್ಲವೆಂದು ಸಭೆ ಅಭಯ ಕೊಡಲಿ. ಗುಜುಗುಜು ಎದ್ದಿತು. ಚೌಡಮ್ಮನವರು, “ಆಯ್ತು, ಕೊಟ್ಟಿದೀವಿ. ತಗಂಬನ್ನಿ” ಎಂದರು.

ಒಬ್ಬೊಬ್ಬರಾಗಿ ಬಂದು ದೀಪಗಳನ್ನು ಬಂಡೆಯ ಮೇಲೆ ಸಾಲಾಗಿ ಇಟ್ಟರು. ಬತ್ತಿಗಳು ಕಿರುಬೆರಳಿನ ದಪ್ಪ. ಋಜುತಾ ಸತ್ತು ವರ್ಷವಾಗುತ್ತಾ ಬಂದಿತ್ತು. ಆ ಸಾವಿಗೆ ಕಾರಣವಾದ ಬತ್ತಿ ಈ ವರ್ಷವೂ ಹೆಚ್ಚುಕಡಿಮೆ ಎಲ್ಲ ತರಗತಿಗಳಲ್ಲಿ ಉರಿಯುತ್ತಿತ್ತು. ಜನ ತಮ್ಮ ತಮ್ಮ ಮಕ್ಕಳ ತರಗತಿಯ ದೀಪವನ್ನು ಹುಡುಕಿ ನೋಡತೊಡಗಿದರು. ಆಗ ನಾನು ಹೇಳಿದ್ದು ಇಷ್ಟು. ಒಬ್ಬಳು ಕೆಟ್ಟವಳಾಗಿದ್ದರೆ ಒಂದು ದೀಪ ಕೆಟ್ಟಿರಬೇಕಿತ್ತು. ವರ್ಷವಿಡೀ ಗೋಡೆಯ ಮೇಲೆ ಬೈದು ನೀವು ಸಾಧಿಸಿದ್ದು ಏನೆಂದರೆ, ಇವರು ಬತ್ತಿಗೆ ಇನ್ನೂ ಒಂದೆರಡು ಎಳೆ ಸೇರಿಸಿದರು. ಒಂದು ದಿನದ ಅಭಯಕ್ಕೆ ಇಷ್ಟು ನಿಜ ಹೊರಬಂದಿದೆ. ಇನ್ನು ಬೇಕಿದ್ದರೆ ಲೂರ್ದಮೇರಿ ಟೀಚರ ನೆಲೆಯನ್ನೂ ಕಿತ್ತುಕೊಂಡು ಈ ಸಾಲಿಗೆ ಇನ್ನೊಂದು ದೀಪ ಸೇರಿಸಿ.

ಸಾಲಿನಲ್ಲಿ ಒಂದು ದೀಪದ ಬತ್ತಿ ಮಾತ್ರ ಸಣ್ಣಗಿತ್ತೆಂಬುದನ್ನು ನಾನು ಮುಚ್ಚಿಡಲಾರೆ. ಹರಿಕಾಂತ ಅದನ್ನು ಕೂಡಲೇ ಗುರುತಿಸಿದ. ಆ ದೀಪ ತಂದ ಋತುಗುರು ನಡುವಯಸ್ಸಿನ ಒಂಟಿ ಮನುಷ್ಯ. ನೆಲೆಯಿಲ್ಲದೆಯೂ ಇವರು ಸರಿಯಾಗಿಯೇ ಇದ್ದರಲ್ಲ ಎಂದು ಹರಿಕಾಂತ ಕೇಳಿದಾಗ ಆತ ತಲೆ ಕೆರೆದುಕೊಂಡು, “ನಂಗೆ ಹೆಂಡ್ತಿ ಮಕ್ಳಿಲ್ಲ ಸಾರ್. ಕೆಲ್ಸ ಹೋದ್ರೆ ನಾನೊಬ್ನೇ ಉಪವಾಸ” ಎಂದ. ಕೆಲವರು ನಕ್ಕರು. ನಾನು ನಗಲಿಲ್ಲ. ಧೈರ್ಯವಂತರಿಗೆ ಕಟ್ಟಳೆ ಬೇಕಿಲ್ಲ. ಹೆದರುವವರು ಸರಿಯಾಗಿ ನಡೆಯಲೆಂದೇ ಕಟ್ಟಳೆ ಮಾಡುವುದು. ನಾವು ಹೆಚ್ಚಿನವರು ಹೆದರುವವರೇ.

ಹರಿಕಾಂತ ಸುಲಭಕ್ಕೆ ಬಿಡುವವನಲ್ಲ. “ಅಣ್ಣಾ, ನಿಮ್ಮ ದುಃಖಕ್ಕೆ ಕೈ ಮುಗೀತೀನಿ. ಒಂದು ಮಾತು ಹೇಳಿ. ಬಿಂದುಮತಿಗೆ ನೆಲೆ ಕೊಟ್ಟಿದ್ರೆ ಆವತ್ತು ಸಣ್ಣ ಬತ್ತಿನೇ ಇಡ್ತಿದ್ಳು ಅಂತ ಏನು ಖಾತ್ರಿ?”

ಚರ್ಚೆಯಲ್ಲಿ ಇಂಥ ಪ್ರಶ್ನೆಗೆ ಹೂಡಬಹುದಾದ ಉತ್ತರಗಳು ನನಗೆ ಹಲವು ಗೊತ್ತಿವೆ. ಯಾವುದನ್ನೂ ಹೂಡಲಿಲ್ಲ. ಖಾತ್ರಿಯಿಲ್ಲ ಎಂದೆ. ಅಂದು ಸಂಜೆ ಸುದ್ದಿಗೋಡೆ ತೋರಿಸಿದ್ದು ಆ ಒಂದು ಮಾತನ್ನೇ. ದೀಪಗಳ ಸಾಲು ಅದರಲ್ಲಿ ಇರಲಿಲ್ಲ.

ಸಭೆ ತೀರ್ಮಾನವನ್ನು ಮುಂದಕ್ಕೆ ಹಾಕಿತು. ಮೊದಲ ಮಳೆ ಬಿದ್ದು ನಾವೆಲ್ಲ ಮೇಲೇರುವ ದಿನ ಬಯಲಿನಲ್ಲಿ ಕೈಯೆತ್ತಿ ಮತ ಹಾಕುತ್ತೇವೆ: ಇರುವ ನೆಲೆಯನ್ನು ಕಿತ್ತುಹಾಕುವುದೋ, ಕೆಳಶಾಲೆಗೂ ಕೊಡುವುದೋ. ಅಲ್ಲಿಯ ತನಕ, ಅಂದರೆ ಮೇ ಮುಗಿಯುವ ತನಕ, ದೀಪ ತಂದವರ ಅಭಯ ಮುಂದುವರಿಯುತ್ತದೆಂದು ಚೌಡಮ್ಮನವರು ಹೇಳಿದರು. ಮರುದಿನವೇ ಕೆಳಶಾಲೆಯಲ್ಲಿ ದೀಪ ಕುಗ್ಗಿದೆಯೆಂಬ ಕೂಗು ಕೇಳಿಸಿತು. ಮೊನ್ನೆ ಮತ್ತೊಮ್ಮೆ. ಕೊಳವೆ ತೊಳೆಯಲು ನಾನೂ ಹೋಗಿದ್ದೆ. ಪಕ್ಕದವನು ಮುದ್ದೆ ತಣ್ಣಗಾಯಿತೆಂದು ಗೊಣಗಿದ. ಗೊಣಗುತ್ತಲೇ ಉಜ್ಜಿದ.

ಇಂದು ಬೆಳಿಗ್ಗೆ ಪಂಜರದಲ್ಲಿ ಇಳಿದ ಹಾಲಿನವಳು ಮೇಲೆ ಮೂಡಣದಲ್ಲಿ ಮೋಡ ಕಟ್ಟಿದೆ ಎಂದಳು. ಸುತ್ತ ನಿಂತವರ ಮುಖ ಅರಳಿತು. ಹುಟ್ಟಿದಾರಭ್ಯ ನಾನೂ ಈ ಸುದ್ದಿಗೆ ಕಾದವನೇ. ಆದರೆ ಮಳೆ ಬಿದ್ದರೆ ನಾಳೆ ಮೇ ನಲವತ್ತೊಂದು ಇರುವುದಿಲ್ಲ. ಮಗಳಿಗೆ ಈ ವರ್ಷ ದಿನವಿಲ್ಲ. ಮಳೆ ಬಿದ್ದರೆ ಶಿಕ್ಷಕರ ಅಭಯವೂ ತೀರುತ್ತದೆ, ಮತಕ್ಕೆ ಎಷ್ಟು ಕೈಗಳು ಏಳುತ್ತವೋ ನಾನರಿಯೆ. ಬದುಕಿನಲ್ಲಿ ಮೊದಲ ಸಲ ಮಳೆ ಒಂದೆರಡು ದಿನ ತಡವಾಗಲಿ ಎಂದುಕೊಂಡೆ.

ಈಗ ನಿಯಮದ ಪ್ರಶ್ನೆ. ಇದನ್ನು ಬೇರೆ ಯಾವ ಕಾಲದವರಿಗೂ ಕೇಳದೆ ನಿಮಗೇ ಕೇಳುತ್ತಿರುವುದಕ್ಕೆ ಕಾರಣವಿದೆ. ನಿಮ್ಮ ಕಾಲದಲ್ಲಿ ಒಂದೇ ಸ್ಟಾಫ್ ರೂಮಿನಲ್ಲಿ ಕಾಯಂ ಆದವರೂ ಅತಿಥಿಗಳೂ ಅಕ್ಕಪಕ್ಕ ಕುಳಿತು ಚಹಾ ಕುಡಿದರು. ಇಬ್ಬರನ್ನೂ ನೀವು ಹತ್ತಿರದಿಂದ ಬಲ್ಲಿರಿ; ನಿಮ್ಮ ಮಕ್ಕಳು ಇಬ್ಬರಿಂದಲೂ ಕಲಿತರು. ನಿಮ್ಮಲ್ಲಿ ಯಾರು, ಯಾವಾಗ, ಕೇಳುವವರಿಗೆ ಬೇಡವಾದ ನಿಜವನ್ನು ಬಾಗಿಲಿಗೆ ಬಂದು ಗಟ್ಟಿಯಾಗಿ ಹೇಳಿದರು? ಹೇಳದೆ ಸುಮ್ಮನಾದವರು ಅಂಜಿಕೆಯಿಂದ ಸುಮ್ಮನಾದರೋ, ಹೇಗೂ ಸುಮ್ಮನಾಗುವವರೇ ಆಗಿದ್ದರೋ? ಬಿಂದುಮತಿಯ ಹಿಂದೆ ಒಂದು ನೆಲೆಯಿದ್ದಿದ್ದರೆ ಆ ಬೆಳಿಗ್ಗೆ ನನ್ನ ಮಗಳ ಎದುರು ಉರಿದ ಬತ್ತಿ ಸಣ್ಣಗಿರುತ್ತಿತ್ತೇ?

ಚರ್ಚಾಪಟುವಾಗಿ ನಾನು ಹೌದೆಂದು ವಾದಿಸಬಲ್ಲೆ. ತಂದೆಯಾಗಿ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆಯೇ ನಾಳೆಯೋ ನಾಡಿದ್ದೋ ನಾನು ಕೈಯೆತ್ತುತ್ತೇನೆ.

ಋಜುತಾಳ ಪಟದ ಮುಂದೆ ವರ್ಷದಿಂದ ಒಂದು ದೀಪವಿದೆ. ಸಾವಿನ ಮನೆಯ ದೀಪ ಆರಬಾರದೆಂದು ನನ್ನ ಹೆಂಡತಿ ಬತ್ತಿಯನ್ನು ದಪ್ಪ ಹೊಸೆಯುತ್ತಿದ್ದಳು. ಸಭೆಯಿಂದ ಬಂದ ದಿನ ಅವಳೇ ಎಳೆಗಳನ್ನು ಬಿಡಿಸಿ ತೆಗೆದಳು. ಈಗ ಎರಡೇ ಎಳೆ ಇವೆ. ಈ ಓಲೆಯನ್ನು ಅದೇ ಬೆಳಕಿನಲ್ಲಿ ಬರೆದಿದ್ದೇನೆ. ಅಕ್ಷರ ಎಲ್ಲಾದರೂ ವಕ್ರವಾಗಿದ್ದರೆ ಕಾರಣ ಅದು. ಜ್ವಾಲೆ ಸದ್ಯಕ್ಕೆ ನೆಟ್ಟಗಿದೆ. ಕುಗ್ಗಿದರೆ ಬಾಗಿಲಿಗೆ ಹೋಗಿ ಹೇಳುತ್ತೇನೆ.

ನಿಮ್ಮ ಊರಿನ ಶಾಲೆಯ ಮುಂದೆ ಹಾದುಹೋಗುವಾಗ ಒಮ್ಮೆ ಒಳಗೆ ನೋಡಿ. ನಮಸ್ಕಾರ.

ಬೇತಮಂಗಲದ ಮುನಿನಾರಾಯಣ
ಋಜುತಾಳ ತಂದೆ